ಲವೀನವ್ವನ ಗೋದಿ, ಈರವ್ವನ ಉಡಿ

ಸ್ಟೌಫ್‌ವಿಲ್
18 ಫೆಬ್ರುವರಿ 2024, ರವಿವಾರ

ಅಕ್ಕನಿಗೆ ಈರವ್ವನ ಶರಣು.

ಮೊದಲು ಒಂದು ಜಗಳ ಮುಗಿಸಿಬಿಡುತ್ತೇನೆ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಹಾಂ? ಹಾಂ?" ಅನ್ನುತ್ತೀ. ಕಿವಿಯ ಮಷಿನ್ನನ್ನು ಡಬ್ಬಿಯಲ್ಲಿಟ್ಟು ಬಂಗಾರದ ಹಾಗೆ ಕಾಯುತ್ತೀ. ಆಮೇಲೆ "ಈರಿ ಏನೂ ಹೇಳೂದs ಇಲ್ಲ" ಅಂತ ಸೌಮ್ಯಾಳ ಮುಂದೆ ದೂರು. ಆದ್ದರಿಂದ ಇನ್ನು ಮೇಲೆ ಬರೆಯುತ್ತೇನೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳ ಅಕ್ಷರ ಇದು, ನಿವೃತ್ತ ಅಕ್ಕೋರು ಕೆಂಪು ಪೆನ್ನು ಹಿಡಿದು ಕೂಡಬಾರದು.

ಇನ್ನೊಂದು ಮಾತು. ನಾನು ಕೆನಡಾಕ್ಕೆ, ಸೌಮ್ಯಾಳ ಮನೆಗೆ ಬಂದ ಹೊಸತರಲ್ಲಿ ಬರೆದ ಕಾರ್ಡನ್ನು ನೀನು ಸೋಮವಾರದ ಅಕ್ಕನ ಬಳಗದಲ್ಲಿ ಎಲ್ಲರ ಮುಂದೆ ಓದಿದೆಯಂತೆ. ನಿಮ್ಮ ಕಾರ್ಯದರ್ಶಿ ಪದ್ಮಾ ಹೇಳಿದಳು. ವಿಮಾನದಲ್ಲಿ ನನಗೆ ವಾಂತಿಯಾದದ್ದು ಈಗ ಧಾರವಾಡಕ್ಕೆಲ್ಲ ಗೊತ್ತು! ಅಧ್ಯಕ್ಷೆಯಾದರೆ ತಂಗಿಯ ಮಾನ ಹರಾಜು ಹಾಕಬೇಕೇನು? ಇನ್ನು ಮೇಲೆ ಪತ್ರದ ನಡುವೆ ಒಂದು ಗೆರೆ ಎಳೆಯುತ್ತೇನೆ. ಗೆರೆಯ ಮೇಲಿನದು ಬಳಗಕ್ಕೆ, ಕೆಳಗಿನದು ನಿನಗೆ ಮಾತ್ರ. ಗೆರೆ ಬಂದ ಕೂಡಲೇ ಕಾಗದ ಮಡಚಬೇಕು.

ಇಲ್ಲಿ ಹಿಮ ಬಿದ್ದಿದೆ. ಅದನ್ನು ಎಲ್ಲರೂ ಬರೆಯುತ್ತಾರೆ, ನಾನು ಬರೆಯುವುದಿಲ್ಲ. ಎದುರಿನ ಮನೆಯ ಡೋರೀನಳ ಸುದ್ದಿ ಬರೆಯುತ್ತೇನೆ. ನಮ್ಮಿಬ್ಬರಿಗಿಂತ ಹಿರಿಯಳು, ಆದರೂ ಬಾಗಿಲ ಮುಂದಿನ ಹಿಮವನ್ನು ತಾನೇ ಸಲಿಕೆ ಹಿಡಿದು ಎತ್ತುತ್ತಾಳೆ. ನಾನು ಬಂದ ವಾರವೇ ಬ್ರೆಡ್ಡು ಮಾಡಿಕೊಂಡು ನೋಡಲಿಕ್ಕೆ ಬಂದಳು. ಶುಂಠಿ, ಯಾಲಕ್ಕಿ ಹಾಕಿ ಚಹಾ ಮಾಡಿ ಮುಂದಿಟ್ಟೆ. ಮುಟ್ಟಲಿಲ್ಲ! "ಥ್ಯಾಂಕ್ಯೂ, ನೋ" ಅಂದಳು. ಮನೆಗೆ ಬಂದವರು ಚಹಾ ಒಲ್ಲೆ ಅಂದರೆ ಏನರ್ಥ? ನನಗೆ ಮೈಯೆಲ್ಲ ಉರಿಯಿತು. ನಾನೂ ಅವಳ ಬ್ರೆಡ್ಡು ಮುಟ್ಟಲಿಲ್ಲ.

ಸೌಮ್ಯಾ ನಕ್ಕಳು. "ಅವರು ಮಾರ್ಮನ್ ಧರ್ಮದವ್ರು, ಚಿಗವ್ವಾ. ಅವರೊಳಗ ಚಹಾ, ಕಾಫಿ ಇಲ್ಲ. ದಾರೂನೂ ಇಲ್ಲ."

"ದಾರೂ ಇಲ್ಲದ್ದು ಛಲೋನs ಆತು. ಚಹಾ ಏನ ಪಾಪ ಮಾಡೇತಿ?" ಅಂದೆ.

ಈಗ ಹಾಲಿಗೆ ಅರಿಷಿಣ ಹಾಕಿ ಕೊಡುತ್ತೇನೆ, ಗಟಗಟ ಕುಡಿಯುತ್ತಾಳೆ. ರವಿವಾರ ಚರ್ಚು ಮುಗಿಸಿ ಮಧ್ಯಾಹ್ನ ಬರುತ್ತಾಳೆ. ಸೌಮ್ಯಾ ನಡುವೆ ಕೂತು ಅವಳ ಮಾತನ್ನು ನನಗೆ, ನನ್ನ ಮಾತನ್ನು ಅವಳಿಗೆ ದಾಟಿಸುತ್ತಾಳೆ. ಅವರಲ್ಲೂ ಹೆಂಗಸರದೇ ಒಂದು ಸಂಘ ಉಂಟಂತೆ. ಒಬ್ಬರನ್ನೊಬ್ಬರು ಸಿಸ್ಟರ್ ಅನ್ನುತ್ತಾರೆ. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಜ್ವರ ಅಂತ ಹುಡುಕಿಕೊಂಡು ಹೋಗಿ ಅಡಿಗೆ ಕೊಟ್ಟು ಬರುತ್ತಾರೆ. ನಾನು ನಿಮ್ಮ ಬಳಗದ ಸುದ್ದಿ ಹೇಳಿದೆ. ಗಂಡ ಸತ್ತವರಿಗೂ ಉಡಿ ತುಂಬುವ ಪದ್ಧತಿಯನ್ನು ನಮ್ಮ ಅಕ್ಕ ಶುರು ಮಾಡಿದಳು, ಊರೆಲ್ಲ ಬಾಯಿ ಬಡಿದುಕೊಂಡರೂ ಬಿಡಲಿಲ್ಲ ಅಂದೆ. ಡೋರೀನ್ ನೆಟ್ಟಗೆ ಕೂತಳು. "ಹಂಗಾರ ನಿಮಗ ಲವೀನಾನ ಕಥಿ ಹೇಳಬೇಕು" ಅಂದಳು.

ಲವೀನಾ ಅಂದರೆ ಡೋರೀನಳ ಅಜ್ಜಿಯ ಅಜ್ಜಿ. ಈ ಊರಿನ ಹತ್ತಿರದ್ದೇ ಹೊಲಮನೆಯವಳು. ಸುಮಾರು ಇನ್ನೂರು ವರ್ಷದ ಹಿಂದಿನ ಮಾತು. ಆಗ ಈ ಧರ್ಮ ಆಗತಾನೇ ಹುಟ್ಟಿತ್ತು. ಪ್ರಚಾರಕ್ಕೆ ಬಂದವರ ಮಾತು ಕೇಳಿ ಲವೀನಾ ಮನಸ್ಸು ಗಟ್ಟಿ ಮಾಡಿದಳು. ಹಳ್ಳದ ಮೇಲಿನ ಮಂಜುಗಡ್ಡೆ ಒಡೆದು, ಆ ನೀರಿನಲ್ಲಿ ಮುಳುಗಿ ಎದ್ದು ದೀಕ್ಷೆ ತೆಗೆದುಕೊಂಡಳು. ತಾಯಿ ಸಿಟ್ಟಿನಿಂದ ಮಾತು ಬಿಟ್ಟಳು. ಮಗಳು ಗಂಡನ ಸಂಗಡ ಎತ್ತಿನ ಬಂಡಿ ಹತ್ತಿ ಪಡುವಣ ದಿಕ್ಕಿಗೆ ಹೊರಟ ದಿನ ಆ ತಾಯಿ ಬಾಗಿಲಿಗೂ ಬರಲಿಲ್ಲ, ಒಳಗೆ ಬೆಣ್ಣೆ ಕಡೆಯುತ್ತ ಕೂತಿದ್ದಳಂತೆ. ಮತ್ತೆ ಅವರಿಬ್ಬರೂ ಮುಖ ನೋಡಲಿಲ್ಲ. ಮುಂದಿನದು ಮುಂದಿನ ರವಿವಾರ.

― ― ― ― ―

ಇಲ್ಲಿಂದ ನಿನಗೆ. ಸೌಮ್ಯಾ ತನ್ನ ಆಫೀಸಿನವರಿಗೆ ನನ್ನನ್ನು ತೋರಿಸಿ "ಮೈ ಮಾಮ್" ಅಂದಳು. ವಿಮಾನ ನಿಲ್ದಾಣದಲ್ಲೂ ಹಾಗೇ ಅಂದಿದ್ದಳು. ಅವರು ಆ ಕಡೆ ಹೋದ ಕೂಡಲೇ "ಚಿಗವ್ವಾ, ಕೋಟು ಹಾಕ್ಕೋ" ಅಂದಳು. ಅವಳನ್ನು ಹೆತ್ತ ನಾನು ಇಂಗ್ಲಿಷಿನಲ್ಲಿ ತಾಯಿ, ಕನ್ನಡದಲ್ಲಿ ಚಿಗವ್ವ. ನನಗೆ ನಗು ಬಂತು. ನಿನಗೂ ಬರಲಿ ಅಂತ ಬರೆದೆ.

ನಿನ್ನ ತಂಗಿ
ಈರವ್ವ


ಧಾರವಾಡ
12 ಮಾರ್ಚ್ 2024

ತಂಗಿ ಈರವ್ವಳಿಗೆ ಪಾರ್ವತೆವ್ವನ ಆಶೀರ್ವಾದ.

ನಿನ್ನ ಪತ್ರ ಬಂತು. ಗೆರೆಯ ತನಕ ಓದಿ ಮಡಚಿದೆ. ಅಕ್ಷರ ಪರವಾಗಿಲ್ಲ, ಒತ್ತಕ್ಷರ ಇನ್ನೂ ತಾಳ ತಪ್ಪುತ್ತವೆ.

ನಿನ್ನೆಯ ಸಭೆಯಲ್ಲಿ ಬೇರೆ ಮಾತೇ ಇಲ್ಲ. ನಮ್ಮವರು ಆಕೆಗೆ ಲವೀನವ್ವ ಅಂತ ಹೆಸರಿಟ್ಟಾಯಿತು. ಮಂಜಿನ ನೀರಿನಲ್ಲಿ ಮುಳುಗಿದಳೆಂದು ಹೇಳಿದರೆ ಒಬ್ಬಳು "ಯವ್ವಾ, ನಿಮೋನಿ ಆಗ್ಲಿಲ್ಲೇನ?" ಎಂದಳಂತೆ. ತಾಯಿ ಬಾಗಿಲಿಗೆ ಬರಲಿಲ್ಲವೆಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಎರಡು ಮಾತು ಆಡಿದೆ: ಯಾವ ಕಾಲವಾಗಲಿ, ಯಾವ ದೇಶವಾಗಲಿ, ಹೊಸ ದಾರಿ ಹಿಡಿದ ಹೆಣ್ಣಿಗೆ ಮೊದಲು ಮುಚ್ಚುವುದು ತವರಿನ ಬಾಗಿಲು. ಚಪ್ಪಾಳೆ ತಟ್ಟಿದರಂತೆ. ನನಗೆ ಕೈಗಳು ಕಂಡವು.

ಕೇಳಿ ಬರೆಯಬೇಕಾದ್ದು: ಆಕೆ ಮುಂದೆ ಏನು ಕೆಲಸ ಕಟ್ಟಿದಳು? ಗಂಡಸರು ಅಡ್ಡ ಬಂದರೇ? ಊಟ ತಿಂಡಿಯ ಸುದ್ದಿ ಕಡಿಮೆ ಮಾಡಿ ಕಾರ್ಯದ ಸುದ್ದಿ ಹೆಚ್ಚು ಬರಿ.

― ― ― ― ―

ಸೌಮ್ಯಾ ಬಡವಾಗಿ ಕಾಣುತ್ತಾಳೆ. ರವಿವಾರ ಫೋನಿನಲ್ಲಿ ಮುಖ ತೋರಿಸಿದಾಗ ಕಣ್ಣ ಕೆಳಗೆ ಕಪ್ಪಾಗಿತ್ತು. ತಲೆನೋವು ಬಂದರೆ ಅವಳನ್ನು ಮಾತಾಡಿಸಬಾರದು, ಸುಮ್ಮನೆ ಹಣೆ ಒತ್ತಬೇಕು. ಎಣಗಾಯಿಗೆ ಬೆಲ್ಲ ಹಾಕಬೇಡ, ಅವಳಿಗೆ ಸೇರುವುದಿಲ್ಲ. ನಿನಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆದೆ. ಸವದತ್ತಿಯ ಸಾಲೆಗೆ ನನಗೆ ವರ್ಗವಾದಾಗ ಅವಳು ನನ್ನ ಸೆರಗು ಹಿಡಿದು ಬಂದವಳು, ಕೈತುತ್ತು ಹಾಕದೆ ಉಣ್ಣುತ್ತಿರಲಿಲ್ಲ.

ನನಗೇನೂ ಆಗಿಲ್ಲ. ಚೆನ್ನಾಗಿದ್ದೇನೆ.

ಪಾರ್ವತೆವ್ವ


ಸ್ಟೌಫ್‌ವಿಲ್
7 ಎಪ್ರಿಲ್ 2024, ರವಿವಾರ

ಅಕ್ಕನಿಗೆ ಶರಣು. ಬಳಗದ ಎಲ್ಲ ತಾಯಂದಿರಿಗೂ.

ಕಾರ್ಯದ ಸುದ್ದಿ ಕೇಳಿದ್ದೀರಿ, ತಗೊಳ್ಳಿರಿ. ಬಂಡಿಯ ದಾರಿ ತಿಂಗಳುಗಟ್ಟಲೆ. ನಡುವೆ ಹೊಳೆಯ ದಂಡೆಯಲ್ಲಿ ಚಳಿಗಾಲ ಕಳೆಯಬೇಕಾಯಿತು. ಅಲ್ಲಿ ಲವೀನಾಳ ಎರಡು ಕೂಸು ತೀರಿಕೊಂಡವು. ನೆಲ ಕಲ್ಲಾಗಿತ್ತು, ಬೆಂಕಿ ಹಚ್ಚಿ ಮೆತ್ತಗೆ ಮಾಡಿ ಕುಣಿ ತೋಡಿದರಂತೆ. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ. ಅವರ ಮಂದಿ ನೆಲೆ ಊರಲು ಹೊರಟಿದ್ದ ಉಪ್ಪಿನ ಕೆರೆಯ ದೇಶ ಮುಟ್ಟಿದ ಮೇಲೆ ಅವಳು ಕೈಕಟ್ಟಿ ಕೂಡಲಿಲ್ಲ. ಊರೂರಿಗೆ ಬಂಡಿ ಹೊಡೆದುಕೊಂಡು ಹೋಗಿ ಹೆಂಗಸರ ಸಂಘ ಕಟ್ಟಿದಳು. ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಹಿಪ್ಪುನೇರಳೆ ಹಚ್ಚಿಸಿ ರೇಷ್ಮೆ ಹುಳ ಸಾಕಿಸಿದಳು. ಹುಳ ಮಲಗುವ ಕೋಣೆಯಲ್ಲಿ ಹೆಂಗಸರು ಪಿಸುಮಾತು ಆಡಬೇಕಿತ್ತಂತೆ!

ಎಲ್ಲಕ್ಕಿಂತ ದೊಡ್ಡದು ಗೋದಿ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಬಿದ್ದ ತೆನೆ ಇರುತ್ತವಲ್ಲ, ನಾವು ಹಕ್ಕಲು ಆಯುತ್ತೇವಲ್ಲ, ಹಾಗೆಯೇ ಸಂಘದ ಹೆಂಗಸರೆಲ್ಲ ಹಕ್ಕಲು ಆಯ್ದು ತಮ್ಮದೇ ಕಣಜ ತುಂಬಿದರು. ಗಂಡಸರು ಬಂದು "ಮಾರೋಣ" ಅಂದರು. ಲವೀನಾ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ಮುಂದೆ ಬರ ಬಿದ್ದ ವರ್ಷ ಆ ಗೋದಿಯೇ ಊರಿನ ಹೊಟ್ಟೆ ಹೊರೆಯಿತು. ಇವತ್ತಿಗೂ ಅವರವರ ಮನೆಯಲ್ಲಿ ಕಾಳು ಇಡುವ ಪದ್ಧತಿ ಇದೆ. ಡೋರೀನ್ ನನ್ನನ್ನು ಕೈಹಿಡಿದು ಬೇಸ್‌ಮೆಂಟಿಗೆ ಇಳಿಸಿ ತೋರಿಸಿದಳು. ಬಕೀಟು ಬಕೀಟು ಗೋದಿ! ನಮ್ಮ ತವರಿನ ಕಾಳಿನ ಹಗೇವಿನೊಳಗೆ ಇಳಿದ ಹಾಗಾಯಿತು. ಕೈ ಹಾಕಿ ಹಿಡಿ ಗೋದಿ ಎತ್ತಿ ಮೂಸಿದೆ. ಕಣ್ಣಲ್ಲಿ ನೀರು ಬಂತು, ಧೂಳು ಅಂತ ಹೇಳಿದೆ.

ಇನ್ನೊಂದು ಸುದ್ದಿ ಇದೆ. ಆಗಿನ ಕಾಲಕ್ಕೆ ಅವರಲ್ಲಿ ಒಬ್ಬ ಗಂಡಸಿಗೆ ಇಬ್ಬರು ಮೂವರು ಹೆಂಡಿರು ಇರುತ್ತಿದ್ದರಂತೆ. ಬಿಟ್ಟು ನೂರು ವರ್ಷದ ಮೇಲಾಯಿತು ಅಂತ ಡೋರೀನ್ ಒತ್ತಿ ಒತ್ತಿ ಹೇಳಿದಳು. ಲವೀನಾಳ ಗಂಡ ಎರಡನೆಯವಳನ್ನು ತಂದ. ಕಾರೆನ್ ಅಂತ, ಸಮುದ್ರದಾಚೆಯಿಂದ ಬಂದ ಹುಡುಗಿ. ಅವಳಿಗೆ ಹುಟ್ಟಿದ ಮೊದಲ ಹೆಣ್ಣುಮಗುವನ್ನು ಲವೀನಾ ಬೆಳೆಸಿದಳು. ಆ ಮಗು ಲವೀನಾಗೆ "ಮಾ" ಅನ್ನುತ್ತಿತ್ತು, ಹೆತ್ತವಳಿಗೆ "ಆಂಟ್ ಕಾರೆನ್" ಅನ್ನುತ್ತಿತ್ತು. ಡೋರೀನ್ ಆ ಮಗುವಿನ ಸಂತಾನ.

ಇಷ್ಟು ಹೇಳುವ ಹೊತ್ತಿಗೆ ಸೌಮ್ಯಾ ಮಾತು ದಾಟಿಸುವುದನ್ನು ನಿಲ್ಲಿಸಿದಳು. ಡೋರೀನಳ ಬಾಯಿ ಆಡುತ್ತಿತ್ತು, ಇವಳು ನೆಲ ನೋಡುತ್ತಿದ್ದಳು. "ಏನಂತಾಳ?" ಅಂದೆ. "ಏನಿಲ್ಲ ಚಿಗವ್ವಾ, ಹಾಲು ತರ್ತೀನಿ" ಅಂತ ಎದ್ದು ಹೋದಳು. ಹಾಲು ಇನ್ನೂ ಲೋಟದಲ್ಲೇ ಇತ್ತು.

ಸೌಮ್ಯಾ ಹೊರಳಿ ಬಂದ ಮೇಲೆ ಅವಳ ಬಾಯಿಂದ ನಾನೇ ಕೇಳಿಸಿದೆ: ಕಾರೆನ್ ಮುಂದೇನಾದಳು? ಡೋರೀನ್ ಕೈ ಚೆಲ್ಲಿದಳು. ಲವೀನಾಳ ಚಿತ್ರ ಚರ್ಚಿನಲ್ಲಿದೆ, ಭಾಷಣ ಅಚ್ಚಾಗಿವೆ. ಕಾರೆನ್‌ದು ಒಂದು ಫೋಟೋ ಸಹ ಇಲ್ಲ. "ಯಾರೂ ಬರದಿಡಲಿಲ್ಲ" ಅಂದಳು.

― ― ― ― ―

ಅಕ್ಕ, ಎಣಗಾಯಿಗೆ ಇಲ್ಲಿ ಸೌಮ್ಯಾ ತಾನಾಗಿ ಬೆಲ್ಲ ಕೇಳಿ ಹಾಕಿಸಿಕೊಳ್ಳುತ್ತಾಳೆ. ನಿನಗೂ ಗೊತ್ತಿಲ್ಲದ್ದು ಒಂದಿಷ್ಟು ಇರಲಿ.

ಸಿಟ್ಟಾಗಬೇಡ. ನಿನಗೆ ಮಕ್ಕಳಾಗಲಿಲ್ಲ, ಹೊರಗಿನವಳು ಸವತಿಯಾಗಿ ಬರುವುದಕ್ಕಿಂತ ಒಡಹುಟ್ಟಿದವಳು ಬರಲಿ ಅಂತ ನೀನೇ ನನ್ನ ಕೈಹಿಡಿದು ಆ ಮನೆಗೆ ಕರೆದುಕೊಂಡು ಬಂದೆ. ನನಗೆ ಒಂದು ದಿನ ಕೆಟ್ಟ ಮಾತು ಆಡಲಿಲ್ಲ. ಸೌಮ್ಯಾ ಹುಟ್ಟಿದ ಮೇಲೆ ಅವಳನ್ನು ನಿನ್ನ ಉಡಿಯಲ್ಲಿ ಹಾಕಿದವಳು ನಾನೇ. ಯಾರೂ ಕಸಿದುಕೊಳ್ಳಲಿಲ್ಲ. ನಿನ್ನ ಮುಖ ನೋಡಿದೆ, ನೀನು ಸೆರಗು ಒಡ್ಡಿ ನಿಂತಿದ್ದೆ, ಹಾಕಿಬಿಟ್ಟೆ. ಉಡಿಯಲ್ಲಿ ಹಾಕಿದ್ದನ್ನು ಹೊರಳಿ ಕೇಳಬಾರದು ಅಂತ ನನಗೂ ಗೊತ್ತು. ಕೇಳಿದ್ದೇನೇನು ಇಷ್ಟು ವರ್ಷ? ನೀನು ಅವಳನ್ನು ಸವದತ್ತಿಗೆ, ನರಗುಂದಕ್ಕೆ ಕರೆದುಕೊಂಡು ಹೋದೆ. ನಾನು ಮನೆಯವರಿಗೆ ರೊಟ್ಟಿ ಬಡಿಯುತ್ತ ದೀಪಾವಳಿ ರಜೆ ಕಾಯುತ್ತ ಕೂತೆ. ಬಸ್ಸಿನಿಂದ ಇಳಿದು ಓಡಿ ಬಂದು "ಚಿಗವ್ವಾ, ಅವ್ವ ನಂಗ ಫ್ರಾಕ್ ಹೊಲಿಸ್ಯಾಳ ನೋಡು" ಅನ್ನುತ್ತಿದ್ದಳು. ನೋಡಿ, ಛಂದ ಐತಿ ಅನ್ನುತ್ತಿದ್ದೆ.

ಸಪ್ಟೆಂಬರಿಗೆ ನನ್ನ ಟಿಕೀಟು. ಆಮೇಲೆ ಈ ವಯಸ್ಸಿನಲ್ಲಿ ಮತ್ತೆ ಬರುವುದು ಸುಳ್ಳು. ಹೋಗುವುದರೊಳಗೆ ಒಂದೇ ಒಂದು ಸಲ ಅವಳ ಬಾಯಲ್ಲಿ ಅವ್ವ ಅನ್ನಿಸಿಕೊಳ್ಳಬೇಕು. ಬೇರೇನೂ ಬೇಡ. ನಾನು ನಿನ್ನನ್ನು ಕೇಳುತ್ತಿಲ್ಲ. ಹೇಳುತ್ತಿದ್ದೇನೆ, ಅಷ್ಟೇ. ಹೇಳದಿದ್ದರೆ ಆ ಕಾರೆನ್ ಹಾಗೆ ನಾನೂ ಎಲ್ಲೂ ಇಲ್ಲದಂತಾಗುತ್ತೇನೆ.

ಈರವ್ವ


ಧಾರವಾಡ
14 ಮೇ 2024

ಈರವ್ವ,

ಈ ಪತ್ರ ತಡವಾಗಿದೆ. ಕಾರಣ ಬರೆಯುತ್ತೇನೆ, ನಡುವೆ ನಿಲ್ಲಿಸದೆ ಓದು.

ನಾನು ಕಣ್ಣಿನ ಪೊರೆ ತೆಗೆಸಿಕೊಂಡೆ. ನಿಮಗೆ ಹೇಳಿರಲಿಲ್ಲ, ಸೌಮ್ಯಾ ಕೆಲಸ ಬಿಟ್ಟು ಓಡಿ ಬಂದಾಳೆಂದು. ಓದಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಆಗಲೇ ನಿನ್ನ ಪತ್ರ ಬಂತು. ಬಳಗದವರಿಗೆ ತಡೆಯಲಾಗಲಿಲ್ಲ, ಲವೀನವ್ವನ ಕಥೆ ಬೇಕೇಬೇಕು ಎಂದರು. ಪದ್ಮಾಳ ಕೈಗೆ ಕೊಟ್ಟೆ. ಗೆರೆಯ ವಿಷಯ ಹೇಳುವುದನ್ನು ಮರೆತೆ.

ಪದ್ಮಾಗೆ ಗೆರೆ ಕಂಡಿತಂತೆ. ಹೊಸ ಪ್ರಕರಣ ಶುರುವಾಯಿತು ಅಂದುಕೊಂಡಳಂತೆ. ಓದಿಯೇ ಓದಿದಳು. ಕೇಳುತ್ತಿದ್ದವರು ಮೊದಲು ಅದು ಕಾರೆನ್ ಆಡುವ ಮಾತು ಎಂದು ತಿಳಿದರಂತೆ. ಸವದತ್ತಿ, ನರಗುಂದ ಬಂದಾಗ ಎಲ್ಲರಿಗೂ ಗೊತ್ತಾಯಿತು. ಆದರೆ ಪದ್ಮಾಗೆ ಬಾಯಿ ನಿಲ್ಲಿಸಲಿಕ್ಕೆ ಆಗಲಿಲ್ಲವಂತೆ, ಅಳುತ್ತಲೇ ಮುಗಿಸಿದಳು.

ನಾನು ಎಲ್ಲಿದ್ದೆ? ಅಧ್ಯಕ್ಷರ ಕುರ್ಚಿಯಲ್ಲಿ, ಕರಿ ಕನ್ನಡಕ ಹಾಕಿಕೊಂಡು ಕೂತಿದ್ದೆ. ಕಿವಿಯ ಮಷಿನ್ನು ಮನೆಯ ಡಬ್ಬಿಯಲ್ಲಿತ್ತು. ಎಲ್ಲರೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಮಸುಕಾಗಿ ಕಂಡಿತು. ಲವೀನವ್ವನ ಕೂಸುಗಳು ಸತ್ತ ಭಾಗ ಎಂದುಕೊಂಡೆ. ಓದಿ ಮುಗಿದ ಮೇಲೆ ಪದ್ಧತಿಯಂತೆ ಎದ್ದು ನಿಂತು ಭಾಷಣ ಮಾಡಿದೆ. "ನೋಡಿದಿರಾ, ತ್ಯಾಗ ಅಂದರೆ ಇದು, ನಾವೆಲ್ಲ ಇದರಿಂದ ಕಲಿಯಬೇಕು" ಅಂದೆ. ಈರವ್ವ, ಆ ಮಾತು ನಾನು ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಡಾಕ್ಟರು ಬಿಟ್ಟ ದಿನ ಪತ್ರ ನಾನೇ ಓದಿದೆ. ಊರೆಲ್ಲ ಕೇಳಿದ ಮೇಲೆ ಕೊನೆಗೆ ತಿಳಿದವಳು ನಾನು.

ನಿನ್ನ ಮೇಲೆ ಸಿಟ್ಟು ಬಂದಿದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತೆವು, ಒಂದು ದಿನ ಬಾಯಿ ಬಿಡಬಾರದಿತ್ತೇ? ಸಮುದ್ರದಾಚೆ ಹೋಗಿ ಗೆರೆ ಎಳೆದು ಹೇಳಬೇಕಿತ್ತೇ? ನನಗೆ ಇರುವುದು ಆ ಒಂದು ಕರೆ. ರವಿವಾರ ಫೋನಿನ ಗಾಜಿನ ಮೇಲೆ ಅವಳ ಮುಖ ಬರುತ್ತದೆ. ಏನು ಹೇಳುತ್ತಾಳೋ ನನಗೆ ಒಂದೂ ಕೇಳಿಸುವುದಿಲ್ಲ. ತುಟಿ ನೋಡುತ್ತ ಕೂಡುತ್ತೇನೆ. ಅವ್ವ ಅನ್ನುವಾಗ ತುಟಿ ಹೇಗೆ ಆಡುತ್ತದೆ ಎಂದು ಮಾತ್ರ ನನಗೆ ಗೊತ್ತು. ಅದನ್ನೂ ಕೊಡು ಎನ್ನುತ್ತೀಯಾ?

ಇವತ್ತು ಇಷ್ಟೇ. ಗೆರೆ ಎಳೆದಿಲ್ಲ. ಇನ್ನು ಮುಚ್ಚಿಡುವುದೇನಿದೆ?

ಪಾರ್ವತೆವ್ವ


ಸ್ಟೌಫ್‌ವಿಲ್
19 ಮೇ 2024, ರವಿವಾರ

ಅಕ್ಕ,

ನಿನ್ನ ಪತ್ರವೇ ಇಲ್ಲ. ರವಿವಾರ ಫೋನಿಗೂ ಬರಲಿಲ್ಲ. ಪದ್ಮಾಗೆ ಫೋನು ಮಾಡಿದರೆ "ಅರಾಮದಾರರಿ, ಅರಾಮದಾರ" ಅಂತ ಇಟ್ಟುಬಿಡುತ್ತಾಳೆ. ಅವಳ ದನಿಯೇ ಬೇರೆ ಆಗಿದೆ.

ನಾನು ಬರೆಯಬಾರದ್ದನ್ನು ಬರೆದೆ. ಚಳಿಯಲ್ಲಿ ಮನೆಯೊಳಗೇ ಕೂತು ತಲೆ ಕೆಟ್ಟಿತ್ತು ಅಂದುಕೋ. ಇಲ್ಲಿ ಮಾತಾಡಲು ಯಾರೂ ಇಲ್ಲ. ಅಳಿಯ ಸುನೀಲಕುಮಾರ ವಾನ್ ಊರಿನ ವೇರ್‌ಹೌಸಿಗೆ ಬೆಳಿಗ್ಗೆ ಹೋದರೆ ಸಂಜೆಗೆ ದಣಿದು ಬರುತ್ತಾನೆ. ಸೌಮ್ಯಾ ಟ್ರೇನಿನಲ್ಲಿ ಹೋಗುತ್ತಾಳೆ. ಮೊಮ್ಮಗಳು ಮಾನ್ಯಾ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಬಾಯಿಯಿದ್ದೂ ಮೂಕಿ ನಾನು. ಆ ಹೊತ್ತಿನಲ್ಲಿ ಏನೋ ಗೀಚಿದೆ. ಮರೆತುಬಿಡು. ಸೌಮ್ಯಾ ನಿನ್ನವಳೇ. ನಿನ್ನೆಯೂ ಕೈ ಸುಟ್ಟುಕೊಂಡು "ಯವ್ವಾ!" ಅಂತ ಚೀರಿದಳು. ಅದು ನನ್ನನ್ನು ಕರೆದದ್ದಲ್ಲ ಅಂತ ಗೊತ್ತಿದ್ದೂ ಓಡಿ ಹೋದೆ.

ನೋಡು, ಮತ್ತೆ ಬರೆದೆ. ನನ್ನ ಕೈಗೆ ಬುದ್ಧಿ ಇಲ್ಲ.

ಡೋರೀನ್ ಹಿತ್ತಲಿನಲ್ಲಿ ಮಣ್ಣು ಅಗೆಯುತ್ತಿದ್ದಾಳೆ. ನಾನು ಮೆಂತೆ ಹಾಕಿಸಿದ್ದೇನೆ. ಲವೀನಾಳ ಕೊನೆಗಾಲ ಹೇಳಿದಳು. ತವರಿನಿಂದ ಯಾರಾದರೂ ಬಂದರೇ ಅಂತ ಬಂಡಿಯ ಸದ್ದಾದಾಗಲೆಲ್ಲ ಕಿಟಕಿಗೆ ಬರುತ್ತಿದ್ದಳಂತೆ. ಊರಿಗೆಲ್ಲ ದೊಡ್ಡವಳು, ಅದೊಂದು ಆಸೆ ಬಿಡಲಿಲ್ಲವಂತೆ.

ಅಕ್ಕ, ಎರಡೇ ಸಾಲಾದರೂ ಬರಿ. ಬೈದು ಬರಿ. ನೀನು ಮಾತು ಬಿಟ್ಟರೆ ನಾನು ಸಪ್ಟೆಂಬರಿನಲ್ಲಿ ಯಾರ ಮನೆಗೆ ಬರಲಿ?

ಈರವ್ವ


ಧಾರವಾಡ
18 ಜೂನ್ 2024

ತಂಗಿ ಈರವ್ವಳಿಗೆ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ಇಷ್ಟು ಹೊತ್ತಿಗೆ ನನ್ನದು ಓದಿ ಅತ್ತಿರುತ್ತೀ. ಹುಚ್ಚಿ, ಮಾತು ಬಿಡಲಿಕ್ಕೆ ನಾನೇನು ಬೆಣ್ಣೆ ಕಡೆಯುವ ಆ ತಾಯಿಯೇ?

ನಿನ್ನ ಸಾಲು ಓದಿದಾಗಿನಿಂದ ಆ "ಯವ್ವಾ" ನನ್ನ ತಲೆಯಿಂದ ಹೋಗಿಲ್ಲ. ಕರೆದದ್ದು ನನ್ನನ್ನಾದರೂ ಓಡಿದವಳು ನೀನು. ನಾನು ಇಲ್ಲಿ ಕುರ್ಚಿಯಲ್ಲಿದ್ದೆ.

ಕಳೆದ ಸೋಮವಾರ ಬಳಗದಲ್ಲಿ ಯಾರೋ ಒಬ್ಬರು ಕೇಳಿದರು, "ಅಕ್ಕೋರs, ಆ ಕಾರೆನವ್ವ ಏನಾದ್ಲು?" ಈ ಸಲ ಮಷಿನ್ನು ಹಾಕಿಕೊಂಡಿದ್ದೆ, ಸ್ಪಷ್ಟವಾಗಿ ಕೇಳಿಸಿತು. ನನ್ನ ಕಣ್ಣ ಮುಂದೆ ನೀನು ಬಂದೆ. ಇಪ್ಪತ್ತು ವರ್ಷದಿಂದ ನಮ್ಮಂಥ ಎಷ್ಟೋ ವಿಧವೆಯರಿಗೆ ಉಡಿ ತುಂಬಿ ದೊಡ್ಡವಳು ಅನ್ನಿಸಿಕೊಂಡೆ. ನೀನು ಕೆನಡಾಕ್ಕೆ ಹೊರಟ ದಿನ ನಿನಗೆ ತುಂಬಿದೆನೇ? ತುಂಬಲಿಲ್ಲ. ಗಡಿಬಿಡಿ ಇತ್ತು ಅಂದೆ. ಗಡಿಬಿಡಿ ಅಲ್ಲ, ಈರಿ. ನೀನು ಅವಳ ಹತ್ತಿರ ಹೊರಟಿದ್ದೆ, ನಾನು ಇಲ್ಲಿ ಉಳಿದಿದ್ದೆ, ನನ್ನ ಕೈ ಏಳಲಿಲ್ಲ.

ಜುಲೈ ಕೊನೆಗೆ ಪದ್ಮಾ ನಿಮ್ಮ ಕಡೆಯ ಎಟೋಬಿಕೋಕ್‌ನಲ್ಲಿರುವ ಮಗ ರಮೇಶನ ಮನೆಗೆ ಬರುತ್ತಾಳೆ. ನಿನ್ನ ಪತ್ರ ಓದಿದ ತಪ್ಪಿಗೆ ತಾನೇ ಗಂಟು ಹೊತ್ತು ತರುತ್ತೇನೆ ಅಂದಳು. ಗುಳೇದಗುಡ್ಡದ ಕುಪ್ಪಸದ ಖಣ ಇದೆ, ನಿನಗೆ ಸೇರುವ ಗಿಣಿಹಸಿರು. ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಬಳಗದವರೆಲ್ಲ ಒಂದೊಂದು ಹಿಡಿ ಹಾಕಿದ ಅಕ್ಕಿ. ಕೊನೆಯ ಹಿಡಿ ನನ್ನದು. ನನ್ನ ಉಡಿ ತುಂಬಿದವಳು ನೀನು. ಅದನ್ನು ಹೊರಳಿ ಕೇಳಬಾರದು ಅಂತ ಶಾಸ್ತ್ರ ಇದೆ, ಕೊಡಬಾರದು ಅಂತ ಎಲ್ಲೂ ಇಲ್ಲ.

ಸೌಮ್ಯಾಗೆ ನಾನು ಏನೂ ಬರೆದಿಲ್ಲ. ಪದ್ಮಾ ಒಂದು ಮಾತು ಬಾಯಲ್ಲೇ ಹೇಳುತ್ತಾಳೆ. ಸೌಮ್ಯಾ ಹೇಗೆ ತೆಗೆದುಕೊಳ್ಳುತ್ತಾಳೋ ಗೊತ್ತಿಲ್ಲ. ನಲವತ್ತು ವರ್ಷದ ನಾಲಿಗೆ, ಹೇಳಿದ ಕೂಡಲೇ ಹೊರಳುತ್ತದೆಯೇ? ಆಸೆ ಬಹಳ ಇಟ್ಟುಕೊಳ್ಳಬೇಡ. ನಾನೂ ಇಟ್ಟುಕೊಂಡಿಲ್ಲ, ಅವಳು ನಿನ್ನನ್ನು ಹಾಗೆ ಕರೆದಾಳೆಂದೂ ಇಲ್ಲ, ಕರೆಯಲಿಕ್ಕಿಲ್ಲವೆಂದೂ ಇಲ್ಲ.

ಆದದ್ದನ್ನು ಆದ ಹಾಗೆ ಬರಿ.

ಅಕ್ಕ


ಸ್ಟೌಫ್‌ವಿಲ್
4 ಆಗಸ್ಟ್ 2024, ರವಿವಾರ

ಅಕ್ಕನಿಗೆ, ಮತ್ತು ಬಳಗಕ್ಕೆ.

ಈ ಪತ್ರದಲ್ಲಿ ಗೆರೆ ಇಲ್ಲ. ಪೂರ್ತಿ ಓದಿರಿ. ಅಧ್ಯಕ್ಷರು ಮಷಿನ್ನು ಹಾಕಿಕೊಂಡು ಕೂಡಬೇಕು.

ಪದ್ಮಾ ಇವತ್ತು ಗಂಟು ಹಿಡಿದುಕೊಂಡು ಬಂದಳು, ಬಾಗಿಲಲ್ಲೇ ಅಳಲಿಕ್ಕೆ ಶುರು ಮಾಡಿದಳು. ವಿಮಾನ ನಿಲ್ದಾಣದಲ್ಲಿ ನಿಮ್ಮ ಅಕ್ಕಿ ತೆಗೆದುಕೊಂಡುಬಿಟ್ಟರಂತೆ! ನಿಮ್ಮ ದೇಶದ ಅಕ್ಕಿಯಲ್ಲಿ ಹುಳ ಬರುತ್ತವೆ, ಬಿಡುವುದಿಲ್ಲ ಅಂದರಂತೆ. "ಉಡಿ ಅಕ್ಕಿರೀ ಅದು, ಅಷ್ಟೂ ಮಂದಿ ಕೈಲೆ ಹಾಕ್ಯಾರ" ಅಂತ ಪದ್ಮಾ ಕನ್ನಡದಲ್ಲೇ ಬೇಡಿಕೊಂಡಳಂತೆ. ಆ ಹುಡುಗಿ ಅಧಿಕಾರಿ "ಸಾರಿ, ಮ್ಯಾಮ್" ಅಂತ ಕಸದ ಡಬ್ಬಿಗೆ ಸುರಿದಳಂತೆ. ಖಣ, ಕೊಬ್ಬರಿ, ಅರಿಷಿಣ ಉಳಿದವು. ನಿನ್ನ ಕೊನೆಯ ಹಿಡಿಯೂ ಹೋಯಿತಲ್ಲ ಅಂತ ಗಂಟಿನ ಮೂಲೆ ಮೂಲೆ ಕೊಡವಿ ನೋಡಿದೆ.

ಸೌಮ್ಯಾಗೆ ಏನೂ ತಿಳಿಯಲಿಲ್ಲ. "ಯಾರ ಉಡಿ? ಯಾಕ?" ಅಂದಳು. ಪದ್ಮಾ ಕಣ್ಣೊರೆಸಿಕೊಂಡು ನಿನ್ನ ಮಾತು ಹೇಳಿದಳು. "ನಿಮ್ಮವ್ವ ಹೇಳ್ಯಾಳ. ನಾ ನಿನ್ನ ಎತ್ತಿ ಬೆಳಿಸಿದಾಕಿ, ಹಡದಾಕಿ ಉಡಿ ನೀ ತುಂಬು ಅಂತ ಹೇಳ್ಯಾಳ."

ಸೌಮ್ಯಾ ಎದ್ದಳು. ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನೀರು ಹರಿಯುವ ಸದ್ದು ಬಹಳ ಹೊತ್ತು ಕೇಳಿತು. ನನಗೆ ಸಾಕು ಅನ್ನಿಸಿತು. ಈ ಹುಡುಗಿಗೆ ಇದೇನು ಶಿಕ್ಷೆ, ಬಿಡ್ರಿ ಅಂತ ಪದ್ಮಾಗೆ ಅಂದೆ.

ಅಷ್ಟರಲ್ಲಿ ಡೋರೀನ್ ಬಂದಳು, ರವಿವಾರವಲ್ಲವೇ. ಎಲ್ಲರ ಮುಖ ನೋಡಿ ಯಾರು ಸತ್ತರು ಅಂತ ಕೇಳಿದಳು. ಸೌಮ್ಯಾ ಹೊರಗೆ ಬಂದು ಇಂಗ್ಲಿಷಿನಲ್ಲಿ ಹೇಳಲಿಕ್ಕೆ ಹತ್ತಿದಳು. ಏನು ಹೇಳಿದಳೋ ನನಗೆ ಗೊತ್ತಾಗಲಿಲ್ಲ, ಈ ಸಲ ನಡುವೆ ನಿಲ್ಲಿಸಲಿಲ್ಲ. "ಕಾರೆನ್" ಅಂತ ಒಂದು ಸಲ ಕೇಳಿಸಿತು. ಡೋರೀನ್ ಎದ್ದು ಹೋದಳು. ಸಿಟ್ಟಾದಳೇನೋ ಅಂದುಕೊಂಡೆ. ಕಿಟಕಿಯಿಂದ ನೋಡಿದರೆ ರಸ್ತೆ ದಾಟಿ ಬರುತ್ತಿದ್ದಾಳೆ, ಗೋದಿಯ ಬಕೀಟನ್ನು ಎರಡೂ ಕೈಯಿಂದ ಜಗ್ಗುತ್ತ. ಸುನೀಲಕುಮಾರ ಬರಿಗಾಲಲ್ಲೇ ಓಡಿ ಹೋಗಿ ಎತ್ತಿಕೊಂಡು ಬಂದ.

"ಇದು ಲವೀನಾ ಇಟ್ಟ ಗೋದಿ ಅಲ್ಲ. ಆದರ ಆಕಿ ಇಡ್ರಿ ಅಂದಿದ್ದಕ್ಕs ಇಟ್ಟದ್ದು. ಇಂಥಾ ದಿನಕ್ಕs ಇಟ್ಟದ್ದು" ಅಂದಳಂತೆ. ಮತ್ತೆ ಸೌಮ್ಯಾಳ ಕೈಹಿಡಿದು ಇನ್ನೊಂದು ಮಾತು ಹೇಳಿದಳು. ಸೌಮ್ಯಾ ಅದನ್ನು ನನಗೆ ದಾಟಿಸಿದಳು. "ಕಾರೆನ್ ಹೆಸರಲೆ ಒಂದು ಹಿಡಿ ಜಾಸ್ತಿ ಹಾಕು ಅಂತಾರ."

ನನ್ನನ್ನು ಮಣೆ ಇಲ್ಲದ್ದಕ್ಕೆ ದಿಂಬಿನ ಮೇಲೆ ಕೂಡಿಸಿದರು. ಮಾನ್ಯಾ ತಾನೇ ಬಂದು ನನ್ನ ಪಕ್ಕ ಕೂತಳು. ಸೆರಗು ಒಡ್ಡಿದೆ. ಸೌಮ್ಯಾ ಖಣ ಇಟ್ಟಳು, ಕೊಬ್ಬರಿ ಇಟ್ಟಳು, ಅರಿಷಿಣ ಇಟ್ಟಳು. ನಿನ್ನ ಹಾಗೆಯೇ ಎರಡೂ ಕೈ ಜೋಡಿಸಿ ಗೋದಿ ತುಂಬಿದಳು. ಯಾರು ಕಲಿಸಿದರು ಅವಳಿಗೆ? ನೀನು ಮಾಡುವುದನ್ನು ನೋಡಿಯೇ ಬೆಳೆದವಳು. ನಾನು ಅವಳ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ಸೆರಗು ಒಂದು ಕಡೆ ಜೋತು ಬಿದ್ದದ್ದು ಗೊತ್ತಾಗಲಿಲ್ಲ.

ಆಗ ಅಂದಳು. ಎದುರಿಗೆ ಯಾರೋ ಹೊಸಬರು ಕೂತ ಹಾಗೆ ಅಲ್ಲ, ಒತ್ತಿಯೂ ಹೇಳಲಿಲ್ಲ, ದಿನಾ ಬೈಯುವ ಹಾಗೆಯೇ ಅಂದಳು. "ಅವ್ವಾ, ಸೆರಗ ಗಟ್ಟಿ ಹಿಡಿ, ಚೆಲ್ಲತೈತಿ."

ಅಕ್ಕ, ಆದದ್ದನ್ನು ಆದ ಹಾಗೆ ಬರಿ ಅಂದಿದ್ದೀಯಲ್ಲ, ಬರೆಯುತ್ತೇನೆ. ನಾನು ಹೊರಳಿ ಬಾಗಿಲ ಕಡೆ ನೋಡಿದೆ. ಅವ್ವಾ ಅಂದಳಲ್ಲ, ನೀನು ಬಂದೆ ಅಂತ ತಿಳಿದೆ.

ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊರಳುವಾಗ ಸೆರಗು ಜಾರಿ ಗೋದಿ ಅರ್ಧ ನೆಲಕ್ಕೆ ಚೆಲ್ಲಿತು. ಸೌಮ್ಯಾಗೆ ತಿಳಿಯಿತು ನಾನು ಯಾರನ್ನು ಹುಡುಕಿದೆ ಅಂತ. ನನ್ನ ಕೊರಳು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ನನಗೆ ಬೇಕಾದ್ದು ಸಿಕ್ಕಿತು. ಸಿಕ್ಕ ಕೂಡಲೇ ನೀನು ಬೇಕು ಅನ್ನಿಸಿತು. ಇದೆಂಥ ಹಣೆಬರಹ ನಮ್ಮದು?

ಚೆಲ್ಲಿದ ಗೋದಿಯನ್ನು ನಾನೂ ಸೌಮ್ಯಾಳೂ ಹಕ್ಕಲು ಆಯ್ದ ಹಾಗೆ ಒಂದೊಂದೇ ಆಯ್ದೆವು. ಅದು ನಿನ್ನ ಪಾಲು. ಆ ಖಣದ ಮೂಲೆಯಲ್ಲೇ ಗಂಟು ಕಟ್ಟಿ ಇಟ್ಟಿದ್ದೇನೆ. ಅಲ್ಲಿಯ ನಿಲ್ದಾಣದವರು ಕೇಳಿದರೆ ಸೊಂಟಕ್ಕೆ ಸಿಗಿಸಿಕೊಂಡು ಬರುತ್ತೇನೆ, ಲವೀನಾ ಕೀಲಿ ಕಟ್ಟಿಕೊಂಡ ಹಾಗೆ.

ಸಪ್ಟೆಂಬರಿನಲ್ಲಿ ಬಾಗಿಲಿಗೆ ಬಾ. ಸೆರಗು ಒಡ್ಡಿ ನಿಂತಿರು.

ನಿನ್ನ ತಂಗಿ
ಈರವ್ವ